ಮಳೆಗಾಲಕ್ಕೆ ಮುಂಚೆ ಕಂಪ್ಯೂಟರ್ ಸೆಟ್ಟಿಂಗ್ ಬ್ಯಾಕಪ್: ಯಾವ ದಾರಿ ಯಾರಿಗೆ ಸರಿ?

ಆಲ್ದೂರಿನ ಹತ್ತಿರ ನಮ್ಮ ಸೋದರಮಾವನ ಕಾಫಿ ತೋಟ ಇದೆ. ತೋಟದ ಮನೆಯ ಮೂಲೆಯಲ್ಲಿ ಒಂದು ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರ್. ಆಳುಗಳ ಹಾಜರಿ, ವಾರದ ಬಟವಾಡೆ, ಕಾಫಿ ಮಾರಿದ ಲೆಕ್ಕ, ಬ್ಯಾಂಕಿಗೆ ಬರೆದ ಪತ್ರಗಳು, ಎಲ್ಲ ಅದರಲ್ಲೇ. ಕೆಲವು ವರ್ಷದ ಹಿಂದೆ ಆಷಾಢದ ಮಳೆಯಲ್ಲಿ ಆ ಕಂಪ್ಯೂಟರ್ ಕೈಕೊಟ್ಟಿತು. ಹೊಸ ಪ್ರಿಂಟರ್‌ಗೆ ಅಂತ ಎಲ್ಲಿಂದಲೋ ಒಂದು ಡ್ರೈವರ್ (ಪ್ರಿಂಟರ್‌ನಂಥ ಸಾಧನ ಕಂಪ್ಯೂಟರ್ ಜೊತೆ ಕೆಲಸ ಮಾಡಲು ಬೇಕಾದ ತಂತ್ರಾಂಶ) ಇಳಿಸಿಕೊಂಡು ಹಾಕಿದ್ದರು. ಆಮೇಲೆ ಪ್ರಿಂಟರೂ ಇಲ್ಲ, ಸೌಂಡೂ ಇಲ್ಲ. ಆನ್ ಮಾಡಿದರೆ ಸ್ವಲ್ಪ ಹೊತ್ತಿಗೆ ನೀಲಿ ಪರದೆ. ಪೇಟೆಯ ಒಂದು ಅಂಗಡಿಗೆ ಕೊಟ್ಟರು. ಅಲ್ಲಿ ಒಂದು ಮಾತೂ ಕೇಳದೆ ಫಾರ್ಮ್ಯಾಟ್ ಹೊಡೆದು, ಹೊಸದಾಗಿ ವಿಂಡೋಸ್ ಹಾಕಿ ಕೊಟ್ಟರು.

ಫೈಲ್‌ಗಳೇನೂ ಹೋಗಲಿಲ್ಲ. ಅವು ಡಿ ಡ್ರೈವ್‌ನಲ್ಲಿದ್ದವು, ಒಂದು ಪ್ರತಿ ಪೆನ್‌ಡ್ರೈವ್‌ನಲ್ಲೂ ಇತ್ತು. ಆದರೂ ಮಾವನಿಗೆ ಎರಡು ವಾರ ಕೆಲಸ ಸಾಗಲಿಲ್ಲ. ನುಡಿ ತಂತ್ರಾಂಶ ಇಲ್ಲ, ಅದರ ಫಾಂಟ್‌ಗಳೂ ಇಲ್ಲ. ಹಳೆಯ ಪತ್ರ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡ ರೂಪಗಳನ್ನು ಕೂರಿಸುತ್ತವೆ. ಫಾಂಟ್ ಹೋದರೆ ಓದೋಕೇ ಆಗುವುದಿಲ್ಲ. ಜೊತೆಗೆ ಕಂಪ್ಯೂಟರ್‌ಗೆ ಸ್ಕ್ಯಾನರ್ ಗುರುತೇ ಸಿಗುತ್ತಿಲ್ಲ, ವೈಫೈ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ, ಲೆಕ್ಕದ ತಂತ್ರಾಂಶಕ್ಕೆ ಮತ್ತೆ ಲೈಸೆನ್ಸ್ ಹಾಕಬೇಕು.

"ಫೋಟೋ, ಲೆಕ್ಕ ಎಲ್ಲ ಪೆನ್‌ಡ್ರೈವ್‌ನಲ್ಲಿ ಇತ್ತಲ್ಲಮ್ಮ. ಬ್ಯಾಕಪ್ ಅಂದರೆ ಅಷ್ಟೇ ಅಲ್ವಾ?" ಅಂತ ಮಾವ ಕೇಳಿದರು. ಅಷ್ಟೇ ಅಲ್ಲ ಅನ್ನುವುದನ್ನು ಅವರಿಗೆ ಕೂತು ವಿವರಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಚಿಕ್ಕಮಗಳೂರು ಕಡೆಯ ಬಹಳ ಮನೆಗಳ ಪರಿಸ್ಥಿತಿ ಹೀಗೇ ಇದೆ. ಮಳೆ ಹಿಡಿದರೆ ಕರೆಂಟ್ ಇಲ್ಲ, ಕರೆಂಟ್ ಹೋಗಿ ಸ್ವಲ್ಪ ಹೊತ್ತಾದರೆ ನೆಟ್ ಇಲ್ಲ, ಮಾರ್ಚ್ ಏಪ್ರಿಲ್‌ನ ಹೂಮಳೆ ಬಂತೆಂದರೆ ಗುಡುಗು ಸಿಡಿಲು. ಬೆಂಗಳೂರಿನ ಫ್ಲಾಟ್‌ಗೆ ಒಪ್ಪುವ ಸಲಹೆ ನಮಗೆ ಹಾಗೇ ಒಪ್ಪುವುದಿಲ್ಲ.

ಸೆಟ್ಟಿಂಗ್ ಅಂದರೆ ಎಲ್ಲಿದೆ?

ಆಯ್ಕೆ ಮಾಡುವ ಮುಂಚೆ ಇದೊಂದು ಗೊತ್ತಿರಬೇಕು. ವಿಂಡೋಸ್‌ನಲ್ಲಿ ಸೆಟ್ಟಿಂಗ್‌ಗಳೆಲ್ಲ ಒಂದೇ ಕಡೆ ಇರುವುದಿಲ್ಲ. ಬಹುಪಾಲು ರಿಜಿಸ್ಟ್ರಿ ಅನ್ನುವ ದೊಡ್ಡ ದಾಖಲೆಯಲ್ಲಿರುತ್ತವೆ. ಆ ರಿಜಿಸ್ಟ್ರಿಯೂ ಹಲವು ಫೈಲ್‌ಗಳಲ್ಲಿ ಹಂಚಿಹೋಗಿದೆ. ಇಡೀ ಯಂತ್ರಕ್ಕೆ ಸೇರಿದ್ದು ವಿಂಡೋಸ್ ಫೋಲ್ಡರ್ ಒಳಗೆ, ನಿಮ್ಮೊಬ್ಬರಿಗೆ ಸೇರಿದ್ದು ನಿಮ್ಮ ಹೆಸರಿನ ಫೋಲ್ಡರ್ ಒಳಗೆ. ಡ್ರೈವರ್‌ಗಳು ಬೇರೆ ಕಡೆ, ಫಾಂಟ್‌ಗಳು ಬೇರೆ ಕಡೆ. ಬ್ರೌಸರ್ ತನ್ನ ಪಾಸ್‌ವರ್ಡ್‌ಗಳನ್ನು ತನ್ನದೇ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳುತ್ತದೆ. ಅದಕ್ಕೇ "ಸೆಟ್ಟಿಂಗ್ಸ್ ಕಾಪಿ ಮಾಡಿ ಪೇಸ್ಟ್ ಮಾಡೋದು" ಅನ್ನುವಷ್ಟು ಸುಲಭದ ಕೆಲಸ ಇದಲ್ಲ. ಒಂದೊಂದು ಬ್ಯಾಕಪ್ ವಿಧಾನ ಇದರಲ್ಲಿ ಒಂದೊಂದು ಭಾಗವನ್ನು ಉಳಿಸುತ್ತದೆ. ಏನು ಕೆಟ್ಟರೆ ನಿಮಗೆ ಜಾಸ್ತಿ ತೊಂದರೆ ಅನ್ನುವುದನ್ನು ಮೊದಲು ಯೋಚಿಸಿ, ಆಮೇಲೆ ವಿಧಾನ ಆರಿಸಿ.

ರಿಸ್ಟೋರ್ ಪಾಯಿಂಟ್: ಸಣ್ಣ ತಪ್ಪಿಗೆ ಇದಕ್ಕಿಂತ ಒಳ್ಳೆಯದಿಲ್ಲ

ಸಿಸ್ಟಮ್ ರಿಸ್ಟೋರ್ ಹೊಸದೇನಲ್ಲ. 2000ರಲ್ಲಿ ಬಂದ ವಿಂಡೋಸ್ ಎಂಇಯಿಂದಲೂ ಇದೆ. ಒಂದು ದಿನದ ರಿಜಿಸ್ಟ್ರಿ, ಸಿಸ್ಟಮ್ ಫೈಲ್‌ಗಳು, ಡ್ರೈವರ್‌ಗಳು, ಹಾಕಿಕೊಂಡ ತಂತ್ರಾಂಶಗಳು ಹೇಗಿದ್ದವೋ ಅದನ್ನು ಗುರುತು ಹಾಕಿಡುತ್ತದೆ. ಬೇಕಾದಾಗ ಆ ದಿನಕ್ಕೆ ಹಿಂದಕ್ಕೆ ಹೋಗಬಹುದು. ನಿಮ್ಮ ಪತ್ರ, ಫೋಟೋ, ಲೆಕ್ಕದ ಹಾಳೆಗಳನ್ನು ಅದು ಮುಟ್ಟುವುದಿಲ್ಲ. ಇದೇ ಅದರ ದೊಡ್ಡ ಗುಣ.

ಮಾವನ ಪ್ರಿಂಟರ್ ಡ್ರೈವರ್ ಪ್ರಕರಣ ಸರಿಯಾಗಿ ಇದಕ್ಕೆ ಹೇಳಿ ಮಾಡಿಸಿದ್ದು. ಡ್ರೈವರ್ ಹಾಕುವ ಮುಂಚೆ ಒಂದು ಪಾಯಿಂಟ್ ಇದ್ದಿದ್ದರೆ ಇಪ್ಪತ್ತು ಮೂವತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಇರಲಿಲ್ಲ. ಯಾಕೆ ಅಂದರೆ ಬಹಳ ವಿಂಡೋಸ್ 10 ಮತ್ತು 11 ಯಂತ್ರಗಳಲ್ಲಿ ಈ ಸೌಲಭ್ಯ ಆಫ್ ಆಗಿಯೇ ಇರುತ್ತದೆ. ನೀವೇ ಆನ್ ಮಾಡಬೇಕು. ಸರ್ಚ್‌ನಲ್ಲಿ 'ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್' ಅಂತ ಹುಡುಕಿ. ಬರುವ ಕಿಟಕಿಯಲ್ಲಿ ಸಿ ಡ್ರೈವ್ ಆರಿಸಿ 'ಕಾನ್ಫಿಗರ್' ಒತ್ತಿ, 'ಟರ್ನ್ ಆನ್ ಸಿಸ್ಟಮ್ ಪ್ರೊಟೆಕ್ಷನ್' ಆರಿಸಿ. ಕೆಳಗೆ ಎಷ್ಟು ಜಾಗ ಕೊಡಬೇಕು ಅಂತ ಎಳೆದು ಸರಿಸುವ ಒಂದು ಗುಂಡಿ (ಸ್ಲೈಡರ್) ಇರುತ್ತದೆ. 256 ಜಿಬಿ ಡಿಸ್ಕ್ ಆದರೆ ನಾನು ಶೇಕಡಾ 5 ಕೊಡುತ್ತೇನೆ, ಅಂದರೆ ಸುಮಾರು 12 ಜಿಬಿ. ಮನೆಗೆ ಅಷ್ಟು ಸಾಕು. ಆಮೇಲೆ 'ಕ್ರಿಯೇಟ್' ಒತ್ತಿ ಒಂದು ಹೆಸರು ಕೊಡಿ. "ಹೊಸ ಪ್ರಿಂಟರ್ ಹಾಕುವ ಮುಂಚೆ" ಅಂತ ಬರೆದರೆ ಆರು ವಾರದ ಮೇಲೂ ಅರ್ಥವಾಗುತ್ತದೆ.

ವಾಪಸ್ ಹೋಗುವಾಗ ಒಂದು ಗುಂಡಿ ಕಾಣುತ್ತದೆ, 'ಸ್ಕ್ಯಾನ್ ಫಾರ್ ಅಫೆಕ್ಟೆಡ್ ಪ್ರೋಗ್ರಾಮ್ಸ್' ಅಂತ. ಅದನ್ನು ಒತ್ತದೆ ಮುಂದೆ ಹೋಗಬೇಡಿ. ಯಾವ ತಂತ್ರಾಂಶ ಹೋಗುತ್ತದೆ, ಯಾವ ಡ್ರೈವರ್ ಹಳೆಯದಾಗುತ್ತದೆ ಅನ್ನುವ ಪಟ್ಟಿಯನ್ನು ಅದು ಮೊದಲೇ ತೋರಿಸುತ್ತದೆ. ಹೋಗಿ ಬಂದ ಮೇಲೂ ಸರಿಯಾಗಲಿಲ್ಲ ಅನ್ನಿಸಿದರೆ ಆ ರಿಸ್ಟೋರ್ ಅನ್ನೇ ರದ್ದು ಮಾಡಬಹುದು. ಆದರೆ ಸೇಫ್ ಮೋಡ್‌ನಿಂದ (ವಿಂಡೋಸ್ ತೀರಾ ಅಗತ್ಯವಿದ್ದಷ್ಟನ್ನೇ ತೆರೆಯುವ ಸ್ಥಿತಿ) ಮಾಡಿದ್ದರೆ ರದ್ದು ಮಾಡುವ ಅವಕಾಶ ಸಿಗುವುದಿಲ್ಲ. ಹಾಗಾಗಿ ವಿಂಡೋಸ್ ತೆರೆಯುತ್ತಿರುವಾಗ ಒಳಗಿನಿಂದಲೇ ಮಾಡಿ. ಅದು ತೆರೆಯುವುದೇ ಇಲ್ಲ ಅಂದರೆ, ಎರಡು ಮೂರು ಸಲ ಅರ್ಧಕ್ಕೆ ನಿಂತ ಮೇಲೆ ತಾನಾಗಿ ರಿಪೇರಿ ಪರದೆ ಬರುತ್ತದೆ. ಅಲ್ಲಿ 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೆ ಸಿಸ್ಟಮ್ ರಿಸ್ಟೋರ್ ಇರುತ್ತದೆ.

ಇನ್ನು ಇದರ ಕೊರತೆ. ಪಾಯಿಂಟ್‌ಗಳು ಬಹಳ ದಿನ ಉಳಿಯುವುದಿಲ್ಲ. ಜಾಗ ತುಂಬಿದರೆ ಹಳೆಯವು ಅಳಿಯುತ್ತವೆ. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಹೆಚ್ಚೆಂದರೆ 60 ದಿನ ಇಡುತ್ತೇವೆ ಅಂತ ಮೈಕ್ರೋಸಾಫ್ಟ್ 2025ರಲ್ಲಿ ಹೇಳಿದೆ. ಪ್ರೊಟೆಕ್ಷನ್ ಒಮ್ಮೆ ಆಫ್ ಮಾಡಿದರಂತೂ ಇದ್ದಬದ್ದ ಪಾಯಿಂಟ್‌ಗಳೆಲ್ಲ ಹೋಗುತ್ತವೆ. ಇನ್ನೊಂದು ಕೊರತೆ ಇನ್ನೂ ದೊಡ್ಡದು. ಪಾಯಿಂಟ್ ಇರುವುದು ಅದೇ ಡಿಸ್ಕ್ ಒಳಗೆ. ಡಿಸ್ಕ್ ಸತ್ತರೆ ಪಾಯಿಂಟೂ ಸತ್ತ ಹಾಗೆ.

ಇದನ್ನು ಮಾವ ಮರು ವರ್ಷವೇ ಕಂಡರು. ಏಪ್ರಿಲ್ ಸಂಜೆ, ಹೂಮಳೆ, ತೋಟದ ಪಕ್ಕದ ಸಿಲ್ವರ್ ಓಕ್ ಮರಕ್ಕೆ ಸಿಡಿಲು. ಕಂಪ್ಯೂಟರ್ ಪ್ಲಗ್ ತೆಗೆದಿರಲಿಲ್ಲ. ಎಸ್‌ಎಂಪಿಎಸ್ (ಕಂಪ್ಯೂಟರ್ ಒಳಗೆ ಕರೆಂಟ್ ಹಂಚುವ ಪೆಟ್ಟಿಗೆ) ಸುಟ್ಟಿತು, ಹಾರ್ಡ್‌ಡಿಸ್ಕ್ ಮತ್ತೆ ತಿರುಗಲಿಲ್ಲ. ಆಗ ರಿಸ್ಟೋರ್ ಪಾಯಿಂಟ್ ಆನ್ ಇತ್ತು. ಏನೂ ಉಪಯೋಗಕ್ಕೆ ಬರಲಿಲ್ಲ. ಡಿ ಡ್ರೈವ್‌ನಲ್ಲಿದ್ದ ಫೈಲ್‌ಗಳೂ ಹೋದವು. ಇದನ್ನು ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಹೇಳಿ. ಸಿ ಮತ್ತು ಡಿ ಅಂತ ಎರಡು ಕಾಣುತ್ತವೆ ನಿಜ, ಆದರೆ ಬಹಳ ಮನೆಗಳಲ್ಲಿ ಅವು ಒಂದೇ ಡಿಸ್ಕ್‌ನ ಎರಡು ಭಾಗ. ಸಿ ಯಲ್ಲಿದ್ದದ್ದನ್ನು ಡಿ ಗೆ ಹಾಕಿದರೆ ಒಂದೇ ಮನೆಯ ಎರಡು ಕೋಣೆಯಲ್ಲಿ ಇಟ್ಟ ಹಾಗೆ. ಮನೆಗೇ ಬೆಂಕಿ ಬಿದ್ದರೆ ಎರಡೂ ಹೋಗುತ್ತವೆ.

ಸಿಸ್ಟಮ್ ಇಮೇಜ್: ಇಡೀ ಯಂತ್ರದ ಪಡಿಯಚ್ಚು

ಆ ಸಲ ನಮ್ಮನ್ನು ಉಳಿಸಿದ್ದು ಇಮೇಜ್. ಮೊದಲ ಪೆಟ್ಟಿನ ನಂತರ ಎಲ್ಲವನ್ನೂ ಮತ್ತೆ ಜೋಡಿಸಿದ್ದೆವು. ನುಡಿ, ಪ್ರಿಂಟರ್, ಸ್ಕ್ಯಾನರ್ ಎಲ್ಲ ಸರಿಹೋದ ದಿನವೇ ನಾನು ಒಂದು ಇಮೇಜ್ ತೆಗೆದು, ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲಿ ಹಾಕಿ, ಅದನ್ನು ಮಾವನ ಬೀರುವಿನಲ್ಲಿ ಇಟ್ಟು ಬಂದಿದ್ದೆ. ಸಿಡಿಲು ಬಡಿದ ಮೇಲೆ ಹೊಸ ಎಸ್‌ಎಂಪಿಎಸ್, ಹೊಸ ಡಿಸ್ಕ್ ಹಾಕಿಸಿ ಆ ಇಮೇಜ್ ಇಳಿಸಿದೆ. ಒಂದು ಗಂಟೆ ಚಿಲ್ಲರೆ ಹಿಡಿಯಿತು. ಪರದೆಯ ಮೇಲೆ ಮಾವ ಹಾಕಿಕೊಂಡಿದ್ದ ಅದೇ ತೋಟದ ಫೋಟೋ ಬಂತು. ನುಡಿ ಇತ್ತು, ಪ್ರಿಂಟರ್ ಕೂಡಲೇ ಕೆಲಸ ಮಾಡಿತು. ಪತ್ರ, ಲೆಕ್ಕಗಳನ್ನು ಪೆನ್‌ಡ್ರೈವ್‌ನಿಂದ ಹಾಕಿಕೊಂಡೆವು.

ಇಮೇಜ್ ಅಂದರೆ ಸಿ ಡ್ರೈವ್ ಮತ್ತು ವಿಂಡೋಸ್ ತೆರೆಯಲು ಬೇಕಾದ ಗುಪ್ತ ಭಾಗಗಳ ಪೂರ್ತಿ ಪ್ರತಿ. ಸೆಟ್ಟಿಂಗ್, ಡ್ರೈವರ್, ತಂತ್ರಾಂಶ, ಫಾಂಟ್, ಪಾಸ್‌ವರ್ಡ್ ಒಂದೂ ಬಿಡುವುದಿಲ್ಲ. ವಿಂಡೋಸ್‌ನಲ್ಲೇ ಇದಕ್ಕೊಂದು ಹಳೆಯ ಸಾಧನ ಇದೆ. ಕಂಟ್ರೋಲ್ ಪ್ಯಾನಲ್‌ನಲ್ಲಿ 'ಬ್ಯಾಕಪ್ ಅಂಡ್ ರಿಸ್ಟೋರ್' ಅಂತ ಹುಡುಕಿ. ಪಕ್ಕದಲ್ಲಿ ವಿಂಡೋಸ್ 7 ಅಂತ ಬರೆದಿದ್ದರೆ ಗಾಬರಿ ಬೇಡ, 10 ಮತ್ತು 11ರಲ್ಲೂ ಅದೇ ನಡೆಯುತ್ತದೆ. ಎಡಗಡೆ 'ಕ್ರಿಯೇಟ್ ಎ ಸಿಸ್ಟಮ್ ಇಮೇಜ್' ಕಾಣುತ್ತದೆ. ಮೈಕ್ರೋಸಾಫ್ಟ್ 2017ರಿಂದ ಇದನ್ನು ಬೆಳೆಸುವುದನ್ನು ನಿಲ್ಲಿಸಿದೆ. ಬೇರೆ ಕಂಪನಿಗಳ ಸಾಧನ ಬಳಸಿ ಅಂತ ಅವರೇ ಹೇಳುತ್ತಾರೆ. ಹಾಗಿದ್ದರೂ ಮೊದಲ ಸಲ ಮಾಡುವವರಿಗೆ ನಾನು ಇದನ್ನೇ ತೋರಿಸುತ್ತೇನೆ, ಯಾಕೆ ಅಂದರೆ ಹೊಸದಾಗಿ ಏನನ್ನೂ ಇಳಿಸಿಕೊಳ್ಳಬೇಕಿಲ್ಲ.

ಎಡವುವ ಜಾಗಗಳು ಕೆಲವು ಇವೆ. ಹೊರಗಿನ ಡಿಸ್ಕ್ ಎನ್‌ಟಿಎಫ್‌ಎಸ್ ರೂಪದಲ್ಲಿ (ವಿಂಡೋಸ್ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಒಂದು ವಿಧಾನ) ಇರಬೇಕು. ಇಮೇಜ್ ಹೋಗಿ ಕೂರುವ ಫೋಲ್ಡರ್‌ಗೆ 'ವಿಂಡೋಸ್ ಇಮೇಜ್ ಬ್ಯಾಕಪ್' ಅಂತ ಅದೇ ಹೆಸರು ಕೊಡುತ್ತದೆ. ಆ ಹೆಸರು ಬದಲಾಯಿಸಿದರೆ ವಾಪಸ್ ಹಾಕುವಾಗ ಅದಕ್ಕೆ ಕಾಣಿಸುವುದೇ ಇಲ್ಲ. ಅದೇ ಡಿಸ್ಕ್‌ಗೆ ಮುಂದಿನ ಸಲ ಮಾಡಿದಾಗ ಹಳೆಯ ಇಮೇಜ್ ಮೇಲೆಯೇ ಬರೆಯುತ್ತದೆ. ಎರಡೂ ಬೇಕು ಅಂದರೆ ಹಳೆಯದನ್ನು ಬೇರೊಂದು ಫೋಲ್ಡರ್ ಒಳಗೆ ಸರಿಸಿಟ್ಟು, ಬೇಕಾದಾಗ ಮತ್ತೆ ಹೊರಗೆ ತರಬೇಕು. ಹೊಸದಾಗಿ ಹಾಕುವ ಡಿಸ್ಕ್ ಹಳೆಯದಕ್ಕಿಂತ ಚಿಕ್ಕದಿದ್ದರೆ ಕೆಲಸ ಆಗುವುದಿಲ್ಲ. 500 ಜಿಬಿ ಹಾರ್ಡ್‌ಡಿಸ್ಕ್ ಹೋಗಿ 256 ಜಿಬಿ ಎಸ್‌ಎಸ್‌ಡಿ ಹಾಕಿಸುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ಅಂಗಡಿಗೆ ಹೋಗುವ ಮುಂಚೆಯೇ ಹಳೆಯ ಡಿಸ್ಕ್‌ನ ಅಳತೆ ಬರೆದುಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಇಮೇಜ್ ವಾಪಸ್ ಹಾಕಿದರೆ ಸಿ ಡ್ರೈವ್‌ನಲ್ಲಿ ಆಮೇಲೆ ಸೇರಿದ್ದೆಲ್ಲ ಅಳಿಸಿಹೋಗುತ್ತದೆ. ಡೆಸ್ಕ್‌ಟಾಪ್ ಮೇಲಿನ ಫೈಲ್‌ಗಳೂ ಸಿ ಡ್ರೈವ್‌ನಲ್ಲೇ ಇರುವುದು. ಮೇ ತಿಂಗಳ ಇಮೇಜ್ ಅನ್ನು ಆಗಸ್ಟ್‌ನಲ್ಲಿ ಹಾಕಿದರೆ ಮೂರು ತಿಂಗಳ ಬಟವಾಡೆ ಲೆಕ್ಕ ಮಾಯ. ಅದಕ್ಕೇ ಸುಮ್ನೆ ಒಂದು ಡ್ರೈವರ್ ಕೆಟ್ಟಿತು ಅಂತ ಇಮೇಜ್‌ಗೆ ಕೈ ಹಾಕಬಾರದು. ಅಲ್ಲಿ ರಿಸ್ಟೋರ್ ಪಾಯಿಂಟ್ ಸಾಕು. ಡಿಸ್ಕ್ ಸತ್ತಾಗ, ವೈರಸ್ ಹೊಕ್ಕಾಗ, ವಿಂಡೋಸ್ ಏನು ಮಾಡಿದರೂ ತೆರೆಯದಾಗ ಇಮೇಜ್.

ಸಮಯದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಮನೆಯ ಯಂತ್ರದಲ್ಲಿ 100 ಜಿಬಿ ಬಳಕೆಯಾಗಿದೆ ಅನ್ನೋಣ. ಯುಎಸ್‌ಬಿ 3 ತೂತಿಗೆ ಚುಚ್ಚಿದ ಸಾಮಾನ್ಯ ಹಾರ್ಡ್‌ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಬರೆದರೂ ಕಾಲು ಗಂಟೆಯ ಮೇಲೆ ಬೇಕು, ನಿಜದಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ. ಯುಎಸ್‌ಬಿ 2 ಆದರೆ ಗಂಟೆ ದಾಟುತ್ತದೆ. ಮನೆಯ ಸಣ್ಣ ಯುಪಿಎಸ್ ಹತ್ತು ಹದಿನೈದು ನಿಮಿಷ ತಡೆದರೆ ಹೆಚ್ಚು. ಮೋಡ ಕವಿದ ಸಂಜೆ ಈ ಕೆಲಸ ಶುರು ಮಾಡಬೇಡಿ. ಬಿಸಿಲಿರುವ ಬೆಳಗ್ಗೆ, ಕರೆಂಟ್ ಸ್ಥಿರವಾಗಿ ಇರುವ ಹೊತ್ತಿನಲ್ಲಿ ಮಾಡಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿಸಿಕೊಂಡು ಕೂತುಕೊಳ್ಳಿ.

ವಿಂಡೋಸ್‌ನದ್ದು ಬೇಡ ಅನ್ನುವವರಿಗೆ ಕ್ಲೋನ್‌ಝಿಲ್ಲಾ ಇದೆ. ತೈವಾನಿನಲ್ಲಿ ತಯಾರಾದದ್ದು, ಪೂರ್ತಿ ಉಚಿತ. ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ತೆರೆದು ಕೆಲಸ ಮಾಡುತ್ತದೆ, ಹಾಗಾಗಿ ವಿಂಡೋಸ್ ಸತ್ತಿದ್ದರೂ ನಡೆಯುತ್ತದೆ. ಬಳಕೆಯಾದ ಜಾಗವನ್ನಷ್ಟೇ ಪ್ರತಿ ಮಾಡಿ, ಕುಗ್ಗಿಸಿ ಇಡುತ್ತದೆ. ಕೊನೆಗೆ ಇಮೇಜ್ ಸರಿಯಿದೆಯಾ ಅಂತ ಪರೀಕ್ಷಿಸುವ ಆಯ್ಕೆಯೂ ಇದೆ. ಆದರೆ ಪರದೆ ಬರೀ ಅಕ್ಷರಗಳದ್ದು, ಮೌಸ್ ಇಲ್ಲ. ಡಿಸ್ಕ್‌ಗಳನ್ನು ಎಸ್‌ಡಿಎ, ಎಸ್‌ಡಿಬಿ ಅಂತ ಕರೆಯುತ್ತದೆ. ಯಾವುದರಿಂದ ಯಾವುದಕ್ಕೆ ಅನ್ನುವುದು ತಿರುಗುಮುರುಗಾದರೆ ಇದ್ದದ್ದೂ ಅಳಿಯುತ್ತದೆ. ಅಳತೆ ನೋಡಿ ಗುರುತಿಸಿ. 1 ಟಿಬಿ ಅಂತ ಇರುವುದು ಹೊರಗಿನ ಡಿಸ್ಕ್, 256 ಜಿಬಿ ಇರುವುದು ಒಳಗಿನದ್ದು, ಹೀಗೆ. ತಾಳ್ಮೆ ಇರುವವರಿಗೆ ನಾನು ಇದನ್ನೇ ಹೇಳುವುದು. ಮಾವನಂಥವರಿಗೆ ಬೇಡ. ವಿಂಡೋಸ್ ಒಳಗಿನಿಂದಲೇ ಕೆಲಸ ಮಾಡುವ ಉಚಿತ ಸಾಧನ ಬೇಕೆಂದರೆ ವೀಮ್ ಏಜೆಂಟ್ ಇದೆ. ಮೊದಲು ಪೂರ್ತಿ, ಆಮೇಲೆ ಬದಲಾದದ್ದನ್ನು ಮಾತ್ರ ತೆಗೆದಿಡುತ್ತದೆ. ಹಿಂದೆ ಎಲ್ಲರ ಬಾಯಲ್ಲಿದ್ದ ಮ್ಯಾಕ್ರಿಯಂ ರಿಫ್ಲೆಕ್ಟ್‌ನ ಉಚಿತ ಆವೃತ್ತಿಗೆ 2024ರಿಂದ ಬೆಂಬಲ ನಿಂತಿದೆ. ಅದರ ಹಳೆಯ ಪ್ರತಿಯನ್ನು ಕಂಡಕಂಡ ಕಡೆಯಿಂದ ಇಳಿಸಿಕೊಳ್ಳಬೇಡಿ.

ರಿಜಿಸ್ಟ್ರಿ ಮಾತ್ರ ತೆಗೆದಿಟ್ಟರೆ ಸಾಲದಾ?

ಸಾಲದು. ತುಂಬಾ ಜನ ಇದನ್ನೇ ಪೂರ್ತಿ ಬ್ಯಾಕಪ್ ಅಂತ ನಂಬಿಕೊಂಡಿದ್ದಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ರಿಜಿಸ್ಟ್ರಿ ಎಡಿಟರ್ ತೆರೆದು ಎಕ್ಸ್‌ಪೋರ್ಟ್ ಮಾಡಿದರೆ ಒಂದು ಫೈಲ್ ಸಿಗುತ್ತದೆ. ಅದರ ಮೇಲೆ ಎರಡು ಸಲ ಒತ್ತಿದರೆ ವಾಪಸ್ ಸೇರುತ್ತದೆ. ಸೇರುತ್ತದೆ, ಅಷ್ಟೇ. ನಡುವೆ ಹೊಸದಾಗಿ ಬಂದ ನಮೂದುಗಳನ್ನು ಅದು ತೆಗೆದುಹಾಕುವುದಿಲ್ಲ. ಕೆಟ್ಟ ತಂತ್ರಾಂಶ ಹೊಸ ನಮೂದು ಹಾಕಿದ್ದರೆ ಅದು ಅಲ್ಲೇ ಕೂತಿರುತ್ತದೆ. ಇಡೀ ರಿಜಿಸ್ಟ್ರಿಯನ್ನು ಒಟ್ಟಿಗೆ ವಾಪಸ್ ಹಾಕಲು ಹೋದರೆ, ಆ ಕ್ಷಣ ವಿಂಡೋಸ್ ಬಳಸುತ್ತಿರುವ ಭಾಗಗಳಿಗೆ ಅದು ಬರೆಯಲಾಗದೆ ಅರ್ಧಂಬರ್ಧ ಆಗುತ್ತದೆ. ಅರ್ಧ ಹಳೆಯದು ಅರ್ಧ ಹೊಸದು ಆದರೆ ಮೊದಲಿಗಿಂತ ಕಷ್ಟ.

ಹಿಂದೆ ವಿಂಡೋಸ್ ತಾನೇ ರಿಜಿಸ್ಟ್ರಿಯ ಒಂದು ಪ್ರತಿಯನ್ನು 'ರೆಗ್‌ಬ್ಯಾಕ್' ಫೋಲ್ಡರ್‌ನಲ್ಲಿ ಇಡುತ್ತಿತ್ತು. ವಿಂಡೋಸ್ 10ರ 1803 ಆವೃತ್ತಿಯಿಂದ ಅದು ನಿಂತುಹೋಗಿದೆ. ಫೋಲ್ಡರ್ ಇರುತ್ತದೆ, ಒಳಗಿನ ಫೈಲ್‌ಗಳ ಅಳತೆ ಸೊನ್ನೆ. ಹಳೆಯ ಸಲಹೆ ಓದಿ ಅದನ್ನು ನಂಬಿದವರಿಗೆ ಬೇಕಾದ ದಿನ ಏನೂ ಸಿಗುವುದಿಲ್ಲ.

ಹಾಗಾದರೆ ಎಕ್ಸ್‌ಪೋರ್ಟ್ ಯಾವಾಗ ಒಳ್ಳೆಯದು? ಯಾರೋ ಹೇಳಿದ ಒಂದು ಬದಲಾವಣೆಯನ್ನು ರಿಜಿಸ್ಟ್ರಿಯಲ್ಲಿ ನೀವೇ ಮಾಡಲು ಹೊರಟಿದ್ದೀರಿ ಅಂದುಕೊಳ್ಳಿ. ಆಗ ಮುಟ್ಟುವ ಆ ಒಂದು ಕೊಂಬೆಯ ಮೇಲೆ ಬಲಗುಂಡಿ ಒತ್ತಿ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಬದಲಾಯಿಸಿದ್ದು ಸರಿಹೋಗದಿದ್ದರೆ ಹಳೆಯದು ಕೈಯಲ್ಲಿರುತ್ತದೆ. ಒಂದು ತಂತ್ರಾಂಶದ ಆಯ್ಕೆಗಳನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಒಯ್ಯಲೂ ಆಗುತ್ತದೆ. ಇನ್ನು ರಿಜಿಸ್ಟ್ರಿ ಕ್ಲೀನರ್‌ಗಳಿಂದ ದೂರ ಇರಿ. ಅವುಗಳ ಬಳಕೆಯನ್ನು ಮೈಕ್ರೋಸಾಫ್ಟೇ ಬೆಂಬಲಿಸುವುದಿಲ್ಲ.

ಮೋಡದಲ್ಲಿ (ಕ್ಲೌಡ್) ಇಡುವುದು

ವಿಂಡೋಸ್ 10ರ ಕೊನೆಯ ಆವೃತ್ತಿ ಮತ್ತು 11ರಲ್ಲಿ 'ವಿಂಡೋಸ್ ಬ್ಯಾಕಪ್' ಅನ್ನುವ ಆ್ಯಪ್ ಬಂದಿದೆ. ಮೈಕ್ರೋಸಾಫ್ಟ್ ಖಾತೆ ಬೇಕು. ವೈಫೈ ಪಾಸ್‌ವರ್ಡ್‌ಗಳು, ಭಾಷೆಯ ಆಯ್ಕೆ, ಪರದೆಯ ಅಲಂಕಾರ, ಇಂಥವನ್ನು ಆ ಖಾತೆಗೆ ಕಳಿಸುತ್ತದೆ. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳನ್ನೂ ಒನ್‌ಡ್ರೈವ್ ಅನ್ನುವ ಮೈಕ್ರೋಸಾಫ್ಟ್‌ನ ನೆಟ್ ಮೇಲಿನ ಜಾಗಕ್ಕೆ ಕಳಿಸಬಹುದು. ನೋಡಲು ಸುಂದರ, ಮಾಡಲು ಸುಲಭ.

ಆದರೆ ಪ್ರಿಂಟರ್ ಡ್ರೈವರ್ ಅದರಲ್ಲಿ ಬರುವುದಿಲ್ಲ. ನುಡಿ ಬರುವುದಿಲ್ಲ. ಹೊರಗಿನಿಂದ ಹಾಕಿಕೊಂಡ ತಂತ್ರಾಂಶಗಳ ಪಟ್ಟಿ ನೆನಪಿಟ್ಟುಕೊಳ್ಳಬಹುದು, ತಂತ್ರಾಂಶವನ್ನೇ ತಂದು ಕೊಡುವುದಿಲ್ಲ. ಇನ್ನೊಂದು ಮಿತಿಯೂ ಇದೆ. ವಾಪಸ್ ಪಡೆಯುವ ಅವಕಾಶ ಕೊಡುವುದು ಹೊಸ ಯಂತ್ರವನ್ನೋ ರೀಸೆಟ್ ಮಾಡಿದ ಯಂತ್ರವನ್ನೋ ಮೊದಲ ಸಲ ತೆರೆದು ಖಾತೆ ಹಾಕುವಾಗ. ನಡುವೆ ಯಾವಾಗಲೋ ಒಂದು ಸೆಟ್ಟಿಂಗ್ ಕೆಟ್ಟಿತು ಅಂತ ಹಿಂದಕ್ಕೆ ಹೋಗಲು ಇದು ಬರುವುದಿಲ್ಲ. ಉಚಿತವಾಗಿ ಸಿಗುವ ಜಾಗ 5 ಜಿಬಿ. ಮೊಮ್ಮಗುವಿನ ನಾಮಕರಣದ ವಿಡಿಯೋ ಹಾಕಿದರೆ ತುಂಬಿತು.

ನೆಟ್ ವೇಗವನ್ನೂ ನೋಡಬೇಕು. ಕೊಪ್ಪ, ಮೂಡಿಗೆರೆ ಕಡೆಯ ಒಳ ಹಳ್ಳಿಗಳಲ್ಲಿ ಕಳಿಸುವ ವೇಗ ಸೆಕೆಂಡಿಗೆ 2 ಮೆಗಾಬಿಟ್ ಸಿಕ್ಕಿತು ಅಂದರೆ, 5 ಜಿಬಿ ಹೋಗಲು ಐದೂವರೆ ಗಂಟೆ. ಮಳೆಗಾಲದಲ್ಲಿ ಅಷ್ಟು ಹೊತ್ತು ಎಡೆಬಿಡದೆ ನೆಟ್ ಇರುತ್ತದೆ ಅಂತ ಯಾರು ಹೇಳಬಲ್ಲರು? ಚಿಕ್ಕಮಗಳೂರು ಪೇಟೆಯಲ್ಲಿ ಫೈಬರ್ ಇರುವ ಮನೆಗೆ, ಲ್ಯಾಪ್‌ಟಾಪ್ ಹೊತ್ತು ಬೆಂಗಳೂರಿಗೂ ಊರಿಗೂ ಓಡಾಡುವ ಕಾಲೇಜು ಮಕ್ಕಳಿಗೆ ಇದು ತುಂಬಾ ಒಳ್ಳೆಯದು. ಲ್ಯಾಪ್‌ಟಾಪ್ ಬಸ್ಸಿನಲ್ಲಿ ಕಳೆದರೂ ಒಂದಿಷ್ಟು ಉಳಿಯುತ್ತದೆ. ತೋಟದ ಮನೆಗೆ ಇದೊಂದನ್ನೇ ನಂಬಬೇಡಿ.

ವಿಂಡೋಸ್ ತನ್ನನ್ನೇ ಹೊಸದಾಗಿ ಹಾಕಿಕೊಳ್ಳುವ 'ರೀಸೆಟ್ ದಿಸ್ ಪಿಸಿ' ಬಗ್ಗೆಯೂ ಒಂದು ಮಾತು. ಅದರಲ್ಲಿ 'ಕೀಪ್ ಮೈ ಫೈಲ್ಸ್' ಅಂತ ಇರುವುದು ನೋಡಿ ಎಲ್ಲ ಉಳಿಯುತ್ತದೆ ಅಂದುಕೊಳ್ಳುತ್ತಾರೆ. ನಿಮ್ಮ ಫೈಲ್ ಉಳಿಯುತ್ತದೆ. ಹಾಕಿಕೊಂಡ ತಂತ್ರಾಂಶ, ಬದಲಾಯಿಸಿದ ಸೆಟ್ಟಿಂಗ್ ಹೋಗುತ್ತವೆ. ಅಂಗಡಿಯಲ್ಲಿ ಫಾರ್ಮ್ಯಾಟ್ ಹೊಡೆದದ್ದಕ್ಕಿಂತ ಒಂದು ಹೆಜ್ಜೆ ಮೇಲು, ಅಷ್ಟೇ.

ಲಿನಕ್ಸ್ ಮಿಂಟ್ ಬಳಸುವವರಿಗೆ ಟೈಮ್‌ಶಿಫ್ಟ್ ಮೊದಲೇ ಇರುತ್ತದೆ. ಅದು ರಿಸ್ಟೋರ್ ಪಾಯಿಂಟ್‌ನಂತೆಯೇ, ಸಿಸ್ಟಮ್ ಫೈಲ್‌ಗಳನ್ನು ಉಳಿಸಿ ಮನೆಯ ಫೋಲ್ಡರ್ ಬಿಡುತ್ತದೆ. ಒಳ್ಳೆಯದೆಂದರೆ ಹೊರಗಿನ ಡಿಸ್ಕ್‌ಗೂ ಹಾಕಬಹುದು. ಮ್ಯಾಕ್ ಇರುವವರು 2007ರಿಂದ ಇರುವ ಟೈಮ್ ಮಷೀನ್‌ಗೆ ಒಂದು ಡಿಸ್ಕ್ ಕೊಟ್ಟರೆ ಆಯಿತು.

ನನ್ನ ಆಯ್ಕೆ

ನಮ್ಮ ಕಡೆಯ ಮನೆಗೆ ನಾನು ಹೇಳುವುದು ಎರಡನ್ನು ಒಟ್ಟಿಗೆ. ರಿಸ್ಟೋರ್ ಪಾಯಿಂಟ್ ಸದಾ ಆನ್ ಇರಲಿ. ಅದಕ್ಕೆ ದುಡ್ಡೂ ಬೇಡ, ನೆಟ್ಟೂ ಬೇಡ. ಅದರ ಜೊತೆಗೆ ವರ್ಷಕ್ಕೆ ಎರಡು ಸಲ ಹೊರಗಿನ ಡಿಸ್ಕ್‌ಗೆ ಇಮೇಜ್. ಮಾವನಿಗೆ ನಾವು ಇಟ್ಟುಕೊಂಡ ಗಡುವು ತೋಟದ ಕೆಲಸದ ಜೊತೆ ಹೋಗುತ್ತದೆ. ಮೇ ಕೊನೆಗೆ, ಮಳೆ ಹಿಡಿಯುವ ಮುಂಚೆ ಒಂದು. ನವೆಂಬರ್‌ನಲ್ಲಿ ಕಾಫಿ ಹಣ್ಣು ಕೊಯ್ಲು ಶುರುವಾಗುವ ಮುಂಚೆ ಇನ್ನೊಂದು. ಕೊಯ್ಲಿನ ಗಡಿಬಿಡಿಯಲ್ಲಿ ಯಾರಿಗೂ ಇದಕ್ಕೆ ಪುರುಸೊತ್ತು ಇರುವುದಿಲ್ಲ. ಲೆಕ್ಕ, ಪತ್ರಗಳ ಪ್ರತಿ ಮಾತ್ರ ವಾರಕ್ಕೊಮ್ಮೆ, ಬಟವಾಡೆ ಆದ ದಿನವೇ ಪೆನ್‌ಡ್ರೈವ್‌ಗೆ. ಟ್ಯಾಲಿಯಂಥ ಲೆಕ್ಕದ ತಂತ್ರಾಂಶದಲ್ಲಿ ಅದರದ್ದೇ ಬ್ಯಾಕಪ್ ಆಯ್ಕೆ ಇರುತ್ತದೆ, ಅದನ್ನೇ ಬಳಸಿ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಬೆಂಬಲ ಮುಗಿದಿದೆ. ಈಗ ಬಹಳ ಜನ 11ಕ್ಕೆ ಏರುತ್ತಿದ್ದಾರೆ. ಏರುವ ಮುಂಚೆ ಇಮೇಜ್ ತೆಗೆಯುವುದನ್ನು ಮರೆಯಬೇಡಿ. ಏರಿದ ಮೇಲೆ ಹಿಂದಕ್ಕೆ ಬರಲು ಸೆಟ್ಟಿಂಗ್ಸ್‌ನಲ್ಲಿ ಒಂದು ಗುಂಡಿ ಇರುತ್ತದೆ ನಿಜ, ಆದರೆ ಅದು ಇರುವುದು 10 ದಿನ ಮಾತ್ರ. ಹನ್ನೊಂದನೇ ದಿನ ಸ್ಕ್ಯಾನರ್ ಕೆಲಸ ಮಾಡುತ್ತಿಲ್ಲ ಅಂತ ಗೊತ್ತಾದರೆ ಇಮೇಜ್ ಒಂದೇ ದಾರಿ.

ಡಿಸ್ಕ್ ಅನ್ನು ಕಂಪ್ಯೂಟರ್‌ಗೆ ಚುಚ್ಚಿಯೇ ಇಡಬೇಡಿ. ಸಿಡಿಲು ಬಂದರೆ ಎರಡೂ ಸುಡುತ್ತವೆ. ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಹೊಕ್ಕರೆ ಚುಚ್ಚಿರುವ ಡಿಸ್ಕ್‌ನ್ನೂ ಬಿಡುವುದಿಲ್ಲ. ರಿಸ್ಟೋರ್ ಪಾಯಿಂಟ್‌ಗಳನ್ನು ಅದು ಮೊದಲೇ ಅಳಿಸಿಹಾಕುತ್ತದೆ. ಕೆಲಸ ಮುಗಿದ ಕೂಡಲೇ ತೆಗೆದು ಬೀರುವಿನಲ್ಲಿಡಿ. ಮಲೆನಾಡಿನ ಥಂಡಿಗೆ ಬೂಷ್ಟು ಹಿಡಿಯದ ಹಾಗೆ, ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್‌ನ ಪುಟ್ಟ ಚೀಲ ಹಾಕಿ ಇಟ್ಟರೆ ಒಳ್ಳೆಯದು. ಸಾಧ್ಯವಾದರೆ ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ. ಮಾವನ ಎರಡನೇ ಡಿಸ್ಕ್ ನಮ್ಮ ಮನೆಯಲ್ಲಿದೆ.

ಬೀಗದ ಕೀಲಿ ಕೈಯಲ್ಲಿರಲಿ

ಹೊಸ ಲ್ಯಾಪ್‌ಟಾಪ್‌ಗಳಲ್ಲಿ, ಮುಖ್ಯವಾಗಿ ವಿಂಡೋಸ್ 11 ಇರುವವುಗಳಲ್ಲಿ, ಡಿಸ್ಕ್‌ಗೆ ತಾನಾಗಿಯೇ ಬಿಟ್‌ಲಾಕರ್ ಬೀಗ ಬಿದ್ದಿರುತ್ತದೆ. ರಿಪೇರಿ ಪರದೆಗೆ ಹೋದಾಗಲೋ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ತೆರೆಯುವ ಯಂತ್ರದ ಸೆಟ್ಟಿಂಗ್) ಏನಾದರೂ ಬದಲಾಯಿಸಿದಾಗಲೋ ಅದು 48 ಅಂಕಿಗಳ ಕೀಲಿ ಕೇಳುತ್ತದೆ. ಗೊತ್ತಿಲ್ಲದಿದ್ದರೆ ಅಲ್ಲಿಗೆ ಎಲ್ಲ ನಿಂತಿತು. ಆ ಕೀಲಿ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ನೆಟ್ ಇರುವಾಗಲೇ ನೋಡಿ, ಕಾಗದದ ಮೇಲೆ ಬರೆದು, ಪಹಣಿ ಪತ್ರ ಇಡುವ ಕಡತದಲ್ಲೇ ಇಡಿ. ಇಲ್ಲಿ ಇನ್ನೊಂದು ಎಚ್ಚರ ಬೇಕು. ವಿಂಡೋಸ್‌ನ ಹಳೆಯ ಸಾಧನ ತೆಗೆಯುವ ಇಮೇಜ್‌ಗೆ ಆ ಬೀಗ ಇರುವುದಿಲ್ಲ. ಹೊರಗಿನ ಡಿಸ್ಕ್ ಯಾರ ಕೈಗೆ ಸಿಕ್ಕರೂ ಓದಬಹುದು. ಹಾಗಾಗಿ ಅದನ್ನು ಬೀರುವಿನಲ್ಲಿ ಬೀಗ ಹಾಕಿಯೇ ಇಡಿ.

ವಿಂಡೋಸ್ ತೆರೆಯದಿದ್ದಾಗ ಬಳಸಲು ಒಂದು ರಿಕವರಿ ಪೆನ್‌ಡ್ರೈವ್ ಬೇಕು. ಸರ್ಚ್‌ನಲ್ಲಿ 'ರಿಕವರಿ ಡ್ರೈವ್' ಅಂತ ಹುಡುಕಿದರೆ ಸಿಗುತ್ತದೆ. 32 ಜಿಬಿಯದ್ದು ಕೊಂಡರೆ ನೆಮ್ಮದಿ. ಅದರಲ್ಲಿ ಮೊದಲಿದ್ದದ್ದೆಲ್ಲ ಅಳಿಯುತ್ತದೆ, ಆದ್ದರಿಂದ ಲೆಕ್ಕದ ಪೆನ್‌ಡ್ರೈವ್ ಹಾಕಬೇಡಿ. ಮಾಡಿಟ್ಟ ಮೇಲೆ ಒಂದು ದಿನ ಆ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ನಿಜವಾಗಲೂ ತೆರೆದು ನೋಡಿ. ಆನ್ ಮಾಡಿದ ಕೂಡಲೇ ಎಫ್12, ಎಫ್9, ಎಸ್ಕೇಪ್, ಒಂದೊಂದು ಕಂಪನಿಗೆ ಒಂದೊಂದು ಕೀ. ನಿಮ್ಮದು ಯಾವುದು ಅಂತ ಈಗಲೇ ಕಂಡುಕೊಳ್ಳಿ. 'ಸಿಸ್ಟಮ್ ಇಮೇಜ್ ರಿಕವರಿ' ತನಕ ಹೋಗಿ, ಹೊರಗಿನ ಡಿಸ್ಕ್ ಚುಚ್ಚಿ, ನಿಮ್ಮ ಇಮೇಜ್‌ನ ತಾರೀಖು ಪರದೆಯ ಮೇಲೆ ಬರುತ್ತದಾ ನೋಡಿ. ಬಂದರೆ 'ಕ್ಯಾನ್ಸಲ್' ಒತ್ತಿ ಹೊರಗೆ ಬನ್ನಿ.

ಮಾವನ ಕಂಪ್ಯೂಟರ್‌ನಲ್ಲಿ ಮೊದಲ ಸಲ ಇದನ್ನು ಮಾಡಿದಾಗ ತಾರೀಖು ಬರಲಿಲ್ಲ. ಯಾರೋ ಫೋಲ್ಡರ್‌ಗೆ "ಮಾವ ಬ್ಯಾಕಪ್" ಅಂತ ಹೆಸರು ಕೊಟ್ಟಿದ್ದರು. ಹಳೆಯ ಹೆಸರು ವಾಪಸ್ ಕೊಟ್ಟ ಮೇಲೆ ಬಂತು. ಈಗ ಡಬ್ಬಿಯ ಮುಚ್ಚಳದ ಮೇಲೆ ಮಾವನೇ ಒಂದು ಚೀಟಿ ಅಂಟಿಸಿದ್ದಾರೆ. ಇಮೇಜ್ ತೆಗೆದ ತಾರೀಖು, ಒಳಗಿನ ಡಿಸ್ಕ್ 500 ಜಿಬಿ, ಒತ್ತಬೇಕಾದ ಕೀ ಎಫ್12, ಫೋಲ್ಡರ್ ಹೆಸರು ಬದಲಾಯಿಸಬಾರದು. ನಾನು ಊರಲ್ಲಿ ಇಲ್ಲದಿದ್ದರೂ ತೋಟದ ರೈಟರು ಆ ಚೀಟಿ ನೋಡಿಕೊಂಡು ಕೆಲಸ ಮಾಡಬಹುದು.